ಡಿಸ್ಕ್ ಇದೆ, ನಕ್ಷೆ ಇಲ್ಲ: ಸರ್ವರ್ ವಾಲ್ಯೂಮ್ ವಿನ್ಯಾಸದ ಬ್ಯಾಕಪ್ ಮತ್ತು ಮರುಸ್ಥಾಪನೆ

ಕಚೇರಿಯೊಂದರ ಲಿನಕ್ಸ್ ಸರ್ವರ್ ಕೆಟ್ಟು ನಿಲ್ಲುತ್ತದೆ. ಅದರೊಳಗಿನ ಡಿಸ್ಕನ್ನು ಕಳಚಿ, ಪಕ್ಕದ ಮೇಜಿನ ವಿಂಡೋಸ್ ಗಣಕಯಂತ್ರಕ್ಕೆ ಜೋಡಿಸಲಾಗುತ್ತದೆ. ಡಿಸ್ಕ್ ನಿರ್ವಹಣೆಯ ಪುಟ ತೆರೆದೊಡನೆ, ಈ ಡಿಸ್ಕನ್ನು ಬಳಸುವ ಮುನ್ನ ಇನಿಷಿಯಲೈಸ್ ಮಾಡಬೇಕು ಎಂಬ ಸೂಚನೆ ಮೂಡುತ್ತದೆ. ಎದುರು ಕುಳಿತವರು ಹಿಂದುಮುಂದು ನೋಡದೆ ‘ಓಕೆ’ ಒತ್ತುತ್ತಾರೆ. ಮರುದಿನ ಸರ್ವರ್ ದುರಸ್ತಿಯಾಗಿ ಬಂದಾಗ ಡಿಸ್ಕನ್ನು ಸ್ವಸ್ಥಾನಕ್ಕೆ ಸೇರಿಸಿದರೆ, ವಾಲ್ಯೂಮ್ ಗುಂಪು ಸಿಗುತ್ತಿಲ್ಲವೆಂದು ಹೇಳಿ ಲಿನಕ್ಸ್ ಕೈಚೆಲ್ಲುತ್ತದೆ.

ವಿಚಿತ್ರವೆಂದರೆ ಹತ್ತು ವರ್ಷಗಳ ಲೆಕ್ಕಪತ್ರ, ವೇತನಪಟ್ಟಿ, ಪತ್ರವ್ಯವಹಾರ ಎಲ್ಲವೂ ಆ ಡಿಸ್ಕಿನ ಮೇಲೆ ಬಹುತೇಕ ಇದ್ದಲ್ಲೇ ಇರುತ್ತವೆ. ಅಳಿದಿರುವುದು ಡಿಸ್ಕಿನ ಆರಂಭದ ಸುಮಾರು 17 ಕಿಲೋಬೈಟ್ ಜಾಗ. ಆದರೆ ಯಾವ ದತ್ತಾಂಶ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂಬ ವಿವರವಿದ್ದುದು ಆ ಜಾಗದಲ್ಲಿಯೇ. ಹೊಲ ಇದ್ದಲ್ಲೇ ಇದ್ದು, ಪಹಣಿಯೂ ಸರ್ವೆ ನಕ್ಷೆಯೂ ಸುಟ್ಟುಹೋದರೆ ಒದಗುವ ಪರಿಸ್ಥಿತಿಯೇ ಇದು. ಬದುಗಳು ಅಳಿಸಿಹೋದ ಮೇಲೆ ಯಾರ ಜಮೀನು ಎಲ್ಲಿ ಮುಗಿಯುತ್ತದೆಂದು ಹೇಳುವವರಿಲ್ಲ.

ಸರ್ವರ್‌ಗಳ ಬ್ಯಾಕಪ್ ಎಂದೊಡನೆ ಕಡತಗಳ ಪ್ರತಿ, ದತ್ತಸಂಚಯದ ಪ್ರತಿ ಎಂದೇ ಎಲ್ಲರೂ ಭಾವಿಸುತ್ತಾರೆ. ಶೇಖರಣಾ ವಾಲ್ಯೂಮ್‌ಗಳ ವಿನ್ಯಾಸಕ್ಕೂ ಪ್ರತ್ಯೇಕ ಪ್ರತಿ ಬೇಕೆಂಬುದು ಅನೇಕ ಕಚೇರಿಗಳಲ್ಲಿ ಹೊಳೆಯುವುದು ಅದು ಕಳೆದುಹೋದ ದಿನವೇ. ಕೆಲವೇ ಪುಟಗಳ ಈ ಪಠ್ಯವನ್ನು ತೆಗೆದಿಡುವುದು ನಿಮಿಷದ ಕೆಲಸ. ಲಿನಕ್ಸ್ ಅದನ್ನು ತಾನಾಗಿಯೇ ತೆಗೆದಿಡುತ್ತದೆ ಕೂಡ. ತೊಡಕಿರುವುದು ಅದು ಎಲ್ಲಿ ಇಡುತ್ತದೆ ಎಂಬುದರಲ್ಲಿ.

ವಾಲ್ಯೂಮ್ ಎಂದರೇನು?

ಹಿಂದೆ ಡಿಸ್ಕನ್ನು ನೇರವಾಗಿ ಭಾಗಗಳನ್ನಾಗಿ ಸೀಳಿ, ಪ್ರತಿ ಭಾಗದಲ್ಲೊಂದು ಕಡತವ್ಯವಸ್ಥೆಯನ್ನು ರಚಿಸುವುದು ರೂಢಿಯಾಗಿತ್ತು. ಒಂದು ಭಾಗ ತುಂಬಿ ತುಳುಕುತ್ತಿದ್ದರೂ ಪಕ್ಕದ ಖಾಲಿ ಭಾಗದಿಂದ ಜಾಗ ಪಡೆಯುವುದು ಸುಲಭವಿರಲಿಲ್ಲ. ಈ ತೊಡಕನ್ನು ನಿವಾರಿಸಲು ಯುನಿಕ್ಸ್ ಪರಂಪರೆಯ ಯಂತ್ರಗಳಲ್ಲಿ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್, ಅಂದರೆ ಎಲ್‌ವಿಎಂ, ಎಂಬ ವ್ಯವಸ್ಥೆ ಬಂತು. ಹೆಚ್‌ಪಿ-ಯುಎಕ್ಸ್‌ನಲ್ಲಿದ್ದ ವಿನ್ಯಾಸವನ್ನು ಮಾದರಿಯಾಗಿಟ್ಟುಕೊಂಡು 1998ರಲ್ಲಿ ಹೈಂಜ್ ಮೌಲ್ಸ್‌ಹಾಗೆನ್ ಅವರು ಲಿನಕ್ಸ್‌ಗೆ ಎಲ್‌ವಿಎಂ ಬರೆದರು. 2003ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ 2.6 ಕರ್ನಲ್‌ನೊಡನೆ ಡಿವೈಸ್ ಮ್ಯಾಪರ್ ಎಂಬ ತಳಹದಿ ದೊರೆತು, ಅದರ ಮೇಲೆ ಎಲ್‌ವಿಎಂ-2 ನೆಲೆಗೊಂಡಿತು. ಇಂದು ಬಳಕೆಯಲ್ಲಿರುವುದು ಇದೇ.

ಇದರಲ್ಲಿ ಮೂರು ಹಂತಗಳಿವೆ. ಡಿಸ್ಕ್ ಅಥವಾ ಅದರ ಒಂದು ಭಾಗ ಭೌತಿಕ ವಾಲ್ಯೂಮ್ ಎನಿಸುತ್ತದೆ. ಇಂಥ ಒಂದು ಅಥವಾ ಹಲವನ್ನು ಕೂಡಿಸಿದರೆ ವಾಲ್ಯೂಮ್ ಗುಂಪು. ಆ ಗುಂಪಿನ ಒಟ್ಟು ಜಾಗದಿಂದ ಬೇಕಾದಷ್ಟನ್ನು ಕತ್ತರಿಸಿಕೊಂಡರೆ ತಾರ್ಕಿಕ ವಾಲ್ಯೂಮ್. ಕಡತವ್ಯವಸ್ಥೆ ಕುಳಿತುಕೊಳ್ಳುವುದು ಈ ಕೊನೆಯದರ ಮೇಲೆ. ಜಾಗವನ್ನು ಅಳೆಯುವ ಮೂಲಮಾನಕ್ಕೆ ಎಕ್ಸ್‌ಟೆಂಟ್ ಎಂದು ಹೆಸರು. ಬೇರೆ ಹೇಳದಿದ್ದರೆ ಒಂದು ಎಕ್ಸ್‌ಟೆಂಟ್ 4 ಮೆಗಾಬೈಟ್. ಒಂದೇ ತಾರ್ಕಿಕ ವಾಲ್ಯೂಮಿನ ಎಕ್ಸ್‌ಟೆಂಟುಗಳು ಮೊದಲ ಡಿಸ್ಕಿನ ಮಧ್ಯದಲ್ಲೊಂದಿಷ್ಟು, ಮೂರನೆಯ ಡಿಸ್ಕಿನ ಅಂಚಿನಲ್ಲೊಂದಿಷ್ಟು ಎಂಬಂತೆ ಚದುರಿರಬಹುದು. ಜಾಗವನ್ನು ಬೇಕೆಂದಾಗ ಹಿಗ್ಗಿಸುವ ಅನುಕೂಲಕ್ಕೆ ತೆರುವ ಬೆಲೆಯೂ ಇದೇ. ನಕ್ಷೆ ಇಲ್ಲದೆ ಈ ಚೂರುಗಳನ್ನು ಕ್ರಮವಾಗಿ ಜೋಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ.

ನಕ್ಷೆ ಇರುವುದೆಲ್ಲಿ?

ಪ್ರತಿ ಭೌತಿಕ ವಾಲ್ಯೂಮಿನ ಮೊದಲ ಒಂದು ಮೆಗಾಬೈಟ್ ಜಾಗವನ್ನು ಎಲ್‌ವಿಎಂ ಸಾಮಾನ್ಯವಾಗಿ ತನ್ನ ಕೆಲಸಕ್ಕೆ ಮೀಸಲಿಡುತ್ತದೆ. ತಲಾ 512 ಬೈಟ್‌ಗಳ ಸೆಕ್ಟರುಗಳಲ್ಲಿ ಎರಡನೆಯದರಲ್ಲಿ ಗುರುತುಚೀಟಿ ಇರುತ್ತದೆ. ಈ ಡಿಸ್ಕ್ ಎಲ್‌ವಿಎಂಗೆ ಸೇರಿದ್ದು, ಇದರ ವಿಶಿಷ್ಟ ಸಂಖ್ಯೆ ಇಂಥದ್ದು ಎಂಬುದನ್ನು ತಿಳಿಸುವುದು ಇದೇ ಚೀಟಿ. ಆರಂಭದಿಂದ 4,096 ಬೈಟ್ ದಾಟಿದ ಮೇಲೆ ವಿನ್ಯಾಸದ ವಿವರಗಳು ಶುರುವಾಗುತ್ತವೆ. ಸಾಮಾನ್ಯವಾಗಿ ಗುಂಪಿನ ಪ್ರತಿ ಡಿಸ್ಕಿನಲ್ಲೂ ಇಡೀ ಗುಂಪಿನ ವಿವರ ಇರುತ್ತದೆ. ಆದಕಾರಣ ಮೂರು ಡಿಸ್ಕುಗಳ ಗುಂಪಿನಲ್ಲಿ ಒಂದರ ತಲೆಭಾಗ ಕೆಟ್ಟರೂ ಮಿಕ್ಕೆರಡು ಸಾಕ್ಷಿ ಹೇಳುತ್ತವೆ. ಒಂದೇ ಡಿಸ್ಕಿನ ಸರ್ವರ್‌ಗಳಿಗೆ ಈ ಭಾಗ್ಯವಿಲ್ಲ.

ಮೇಲೆ ಹೇಳಿದ ವಿಂಡೋಸ್ ಪ್ರಸಂಗದಲ್ಲಿ ನಡೆದುದೇನೆಂಬುದು ಈಗ ಸ್ಪಷ್ಟವಾಗುತ್ತದೆ. ಇಂದಿನ ವಿಂಡೋಸ್ ಡಿಸ್ಕನ್ನು ಇನಿಷಿಯಲೈಸ್ ಮಾಡುವಾಗ ಜಿಪಿಟಿ ಎಂಬ ವಿಭಾಗಪಟ್ಟಿಯನ್ನು ಬರೆಯುತ್ತದೆ. ಜಿಪಿಟಿಯ ಶಿರೋಭಾಗ ಕುಳಿತುಕೊಳ್ಳುವುದೂ ಎರಡನೆಯ ಸೆಕ್ಟರಿನಲ್ಲಿಯೇ. ಅದರ ಪಟ್ಟಿ ಮುಂದಿನ 32 ಸೆಕ್ಟರುಗಳನ್ನು ಆವರಿಸುತ್ತದೆ. ಇಡೀ ಡಿಸ್ಕನ್ನೇ ವಿಭಾಗಿಸದೆ ಭೌತಿಕ ವಾಲ್ಯೂಮ್ ಮಾಡಿದ್ದರೆ, ಎಲ್‌ವಿಎಂನ ಗುರುತುಚೀಟಿಯೂ ವಿವರಗಳ ಮೊದಲ ಭಾಗವೂ ಒಂದೇ ಏಟಿಗೆ ಮಾಯ. ಜಿಪಿಟಿ ಡಿಸ್ಕಿನ ತುದಿಯಲ್ಲೂ ಒಂದು ಪ್ರತಿಯನ್ನು ಬರೆಯುವುದರಿಂದ ಅಲ್ಲಿಯ ಕೆಲವು ಸೆಕ್ಟರುಗಳಿಗೂ ಪೆಟ್ಟು ಬೀಳಬಹುದು. ನಡುವಿನ ದತ್ತಾಂಶವನ್ನು ಅದು ಮುಟ್ಟುವುದಿಲ್ಲ. ಇಡೀ ಡಿಸ್ಕನ್ನು ಬಳಸುವುದಿದ್ದರೂ ಮೊದಲು ಒಂದು ವಿಭಾಗ ರಚಿಸಿ, ಅದರೊಳಗೆ ಭೌತಿಕ ವಾಲ್ಯೂಮ್ ಮಾಡಿರೆಂದು ಅನುಭವಿಗಳು ಹೇಳುವುದು ಇದಕ್ಕೇ. ವಿಭಾಗಪಟ್ಟಿ ಇರುವ ಡಿಸ್ಕನ್ನು ಕಂಡರೆ ಇತರ ಕಾರ್ಯವ್ಯವಸ್ಥೆಗಳು ಅದು ಬೇರೆಯವರದೆಂದು ತಿಳಿದು ಸುಮ್ಮನಿರುವ ಸಂಭವ ಹೆಚ್ಚು.

ಈ ವಿವರಗಳೆಲ್ಲ ಮನುಷ್ಯರು ಓದಬಲ್ಲ ಪಠ್ಯರೂಪದಲ್ಲಿರುವುದು ಎಲ್‌ವಿಎಂ-2ರ ದೊಡ್ಡ ಗುಣ. ಗುಂಪಿನ ಹೆಸರು, ಎಕ್ಸ್‌ಟೆಂಟಿನ ಅಳತೆ, ಪ್ರತಿ ಡಿಸ್ಕಿನ ವಿಶಿಷ್ಟ ಸಂಖ್ಯೆ, ದತ್ತಾಂಶ ಶುರುವಾಗುವ ಸೆಕ್ಟರು, ಪ್ರತಿ ತಾರ್ಕಿಕ ವಾಲ್ಯೂಮಿನ ತುಣುಕುಗಳು ಎಲ್ಲಿವೆ ಎಂಬ ಪಟ್ಟಿ ಎಲ್ಲವನ್ನೂ ಅಲ್ಲಿ ಕಾಣಬಹುದು. ಬದಲಾವಣೆಯಾದಾಗಲೆಲ್ಲ ಹೊಸ ಆವೃತ್ತಿಯನ್ನು ಹಳೆಯದರ ಮುಂದೆ ಬರೆಯುತ್ತ ಹೋಗಿ, ಜಾಗ ಮುಗಿದಾಗ ಮತ್ತೆ ಮೊದಲಿಗೆ ಸುತ್ತಿ ಬರಲಾಗುತ್ತದೆ. ಹೀಗಾಗಿ ಬ್ಯಾಕಪ್ ಇಲ್ಲವೇ ಇಲ್ಲ ಎನ್ನುವಾಗಲೂ ಡಿಸ್ಕಿನ ಮೊದಲ ಮೆಗಾಬೈಟನ್ನು ಕಡತವೊಂದಕ್ಕೆ ನಕಲಿಸಿ ಓದಿದರೆ, ಅಳಿಯದೆ ಉಳಿದ ಹಳೆಯ ಆವೃತ್ತಿಯೊಂದು ಸಿಕ್ಕೀತು. ಸಿಕ್ಕರೆ ಅದೃಷ್ಟ.

ಮನೆಯೊಳಗೇ ಇಟ್ಟ ಮನೆಯ ಬೀಗದ ಕೈ

ವಾಲ್ಯೂಮ್ ವಿನ್ಯಾಸವನ್ನು ಬದಲಿಸುವ ಯಾವುದೇ ಆದೇಶ ನೀಡಿದರೂ ಎಲ್‌ವಿಎಂ ತಾನಾಗಿಯೇ ಎರಡು ಕೆಲಸ ಮಾಡುತ್ತದೆ. ಬದಲಾವಣೆಗೆ ಮುಂಚಿನ ಸ್ಥಿತಿಯನ್ನು ‘ಇಟಿಸಿ’ ಕಡತಕೋಶದೊಳಗಿನ ‘ಎಲ್‌ವಿಎಂ’ ಕೋಶದ ‘ಆರ್ಕೈವ್’ ಎಂಬಲ್ಲಿ ಇಡುತ್ತದೆ. ಬದಲಾವಣೆಯ ನಂತರದ ಸ್ಥಿತಿಯನ್ನು ಅದರ ಪಕ್ಕದ ‘ಬ್ಯಾಕಪ್’ ಕೋಶದಲ್ಲಿ ಬರೆಯುತ್ತದೆ. ಬ್ಯಾಕಪ್ ಕೋಶದಲ್ಲಿ ಗುಂಪಿಗೊಂದರಂತೆ ಇತ್ತೀಚಿನ ಕಡತ ಮಾತ್ರ ಇದ್ದರೆ, ಆರ್ಕೈವ್‌ನಲ್ಲಿ ಹಳೆಯವು ಸಾಲಾಗಿ ಸೇರುತ್ತವೆ. ಯಾರೂ ಬದಲಿಸದಿದ್ದಲ್ಲಿ ಕನಿಷ್ಠ 10 ಕಡತಗಳನ್ನು, ಕನಿಷ್ಠ 30 ದಿನಗಳವರೆಗೆ ಉಳಿಸಿಕೊಳ್ಳಬೇಕೆಂಬುದು ನಿಯಮ. ಪ್ರತಿ ಕಡತದ ತಲೆಯಲ್ಲಿ ಯಾವ ಯಂತ್ರದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಆದೇಶದ ಮುನ್ನ ಅಥವಾ ಅನಂತರ ಇದನ್ನು ಬರೆಯಲಾಯಿತು ಎಂಬ ಒಕ್ಕಣೆಯೂ ಇರುತ್ತದೆ. ‘ನಾನು ಏನೂ ಮುಟ್ಟಿಲ್ಲ’ ಎನ್ನುವವರ ಮಾತನ್ನು ಈ ಒಕ್ಕಣೆ ಆಗಾಗ ಸುಳ್ಳು ಮಾಡುವುದುಂಟು.

ಇಷ್ಟೆಲ್ಲ ಅಚ್ಚುಕಟ್ಟಾಗಿರುವಾಗ ಚಿಂತೆ ಯಾವುದಕ್ಕೆ? ಈ ಕೋಶಗಳಿರುವುದು ಸರ್ವರ್‌ನ ಮೂಲ ಕಡತವ್ಯವಸ್ಥೆಯಲ್ಲಿ. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳ ಅನುಸ್ಥಾಪನಾ ತಂತ್ರಾಂಶ ಬಹುಕಾಲದಿಂದ ಮೂಲ ಕಡತವ್ಯವಸ್ಥೆಯನ್ನೂ ವಾಲ್ಯೂಮ್ ಗುಂಪಿನೊಳಗೇ ಇರಿಸುತ್ತ ಬಂದಿದೆ. ಡೆಬಿಯನ್ ಕೂಡ ಆ ಆಯ್ಕೆಯನ್ನು ಮುಂದಿಡುತ್ತದೆ. ಹಾಗಾದಾಗ ಗುಂಪು ತೆರೆಯದಿದ್ದರೆ ಮೂಲ ಕಡತವ್ಯವಸ್ಥೆ ತೆರೆಯದು. ಅದು ತೆರೆಯದಿದ್ದರೆ ಬ್ಯಾಕಪ್ ಕಡತ ಸಿಗದು. ಬ್ಯಾಕಪ್ ಸಿಗದೆ ಗುಂಪು ತೆರೆಯದು. ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲೆಳೆದುಕೊಂಡಂತೆ. ರಕ್ಷಣಾ ಸಿಡಿ ಅಥವಾ ಪೆನ್‌ಡ್ರೈವ್‌ನಿಂದ ಸರ್ವರ್ ಎಬ್ಬಿಸಿದರೂ ಅಲ್ಲಿ ಕಾಣುವುದು ಆ ರಕ್ಷಣಾ ವ್ಯವಸ್ಥೆಯ ಖಾಲಿ ಕೋಶವೇ ಹೊರತು ಸರ್ವರ್‌ನದ್ದಲ್ಲ.

ಪ್ರತಿ ತೆಗೆಯುವ ಬಗೆ

ಆದ್ದರಿಂದ ಮಾಡಬೇಕಾದುದು ಇಷ್ಟೇ: ಈ ಪಠ್ಯವನ್ನು ಯಂತ್ರದಿಂದ ಹೊರಗೆ ಸಾಗಿಸುವುದು. ‘ವಿಜಿಸಿಎಫ್‌ಜಿಬ್ಯಾಕಪ್’ ಎಂಬ ಆದೇಶ ಇದಕ್ಕೆಂದೇ ಇದೆ. ವಾಲ್ಯೂಮ್ ಗ್ರೂಪ್ ಕಾನ್ಫಿಗರೇಷನ್ ಬ್ಯಾಕಪ್ ಎಂಬುದರ ಹ್ರಸ್ವರೂಪವದು. ಅದಕ್ಕೆ ಕಡತದ ಹೆಸರನ್ನು ಕೊಟ್ಟರೆ ಹೇಳಿದ ಜಾಗದಲ್ಲಿ ಪ್ರತಿ ಬರೆಯುತ್ತದೆ. ರಾತ್ರಿ ನಿಗದಿತ ವೇಳೆಗೆ ತಾನೇ ನಡೆಯುವಂತೆ ‘ಕ್ರಾನ್’ಗೆ ಒಪ್ಪಿಸಿ, ಕಡತವನ್ನು ಇನ್ನೊಂದು ಯಂತ್ರಕ್ಕೆ ಕಳುಹಿಸಿದರೆ ಕೆಲಸ ಮುಗಿಯಿತು. ವಾಲ್ಯೂಮ್ ಹಿಗ್ಗಿಸಿದ, ಡಿಸ್ಕ್ ಸೇರಿಸಿದ ದಿನ ರಾತ್ರಿಯವರೆಗೆ ಕಾಯದೆ ಆಗಲೇ ಒಂದು ಪ್ರತಿ ತೆಗೆಯುವುದು ಒಳ್ಳೆಯದು. ಸಣ್ಣ ಸರ್ವರ್‌ನ ವಿನ್ಯಾಸವಾದರೆ ಕಾಗದದ ಮೇಲೆ ಮುದ್ರಿಸಿ ಕಡತಪೆಟ್ಟಿಗೆಯಲ್ಲಿ ಇಟ್ಟರೂ ನಗೆಪಾಟಲಾಗಬೇಕಿಲ್ಲ. ಪಠ್ಯವಾದುದರಿಂದ ಬೇಕೆಂದಾಗ ಕೈಯಿಂದಲೇ ಮರಳಿ ಬೆರಳಚ್ಚಿಸಬಹುದು.

ಆದರೆ ಎಲ್‌ವಿಎಂ ಒಂದರ ನಕ್ಷೆ ಸಾಲದು. ವಾಲ್ಯೂಮ್‌ಗಳ ಕೆಳಗೂ ಮೇಲೂ ಬೇರೆ ಪದರಗಳಿವೆ. ಡಿಸ್ಕಿನ ವಿಭಾಗಪಟ್ಟಿಯನ್ನು ‘ಎಸ್‌ಎಫ್‌ಡಿಸ್ಕ್’ ಪಠ್ಯವಾಗಿಯೂ ‘ಎಸ್‌ಜಿಡಿಸ್ಕ್’ ತನ್ನದೇ ರೂಪದಲ್ಲಿಯೂ ಬರೆದುಕೊಡುತ್ತವೆ. ತಂತ್ರಾಂಶ ರೈಡ್ ಇದ್ದಲ್ಲಿ ‘ಎಂಡಿಆಡಂ’ ನೀಡುವ ಸವಿಸ್ತಾರ ವರದಿಯನ್ನು ಉಳಿಸಿಕೊಳ್ಳಬೇಕು. ಡಿಸ್ಕುಗಳ ಕ್ರಮ, ಚಂಕಿನ ಅಳತೆ, ಆರಂಭದ ಸ್ಥಾನ ಇವು ಗೊತ್ತಿಲ್ಲದೆ ರೈಡ್ ಮರುಜೋಡಣೆಗೆ ಕೈಹಾಕುವುದು ಕತ್ತಲೆಯಲ್ಲಿ ಹೆಜ್ಜೆಯಿಟ್ಟಂತೆ. ಯಾವ ವಾಲ್ಯೂಮ್ ಯಾವ ಕೋಶಕ್ಕೆ ಅಂಟಿಕೊಳ್ಳುತ್ತದೆಂಬ ‘ಎಫ್‌ಎಸ್‌ಟ್ಯಾಬ್’ ಕಡತವೂ ಜೊತೆಗಿರಲಿ. ತಂತಿಯ ಯುಗದ ಸಲಹೆಯೆಂದು ಕಂಡರೂ ಹೇಳಲೇಬೇಕಾದುದು ಇನ್ನೊಂದಿದೆ: ಯಾವ ಕ್ರಮಸಂಖ್ಯೆಯ ಡಿಸ್ಕ್ ಪೆಟ್ಟಿಗೆಯ ಯಾವ ಗೂಡಿನಲ್ಲಿದೆ ಎಂಬ ಪಟ್ಟಿ. ಕೆಟ್ಟ ಡಿಸ್ಕಿಗೆ ಬದಲು ಸುಸ್ಥಿತಿಯಲ್ಲಿದ್ದುದನ್ನು ಎಳೆದು ತೆಗೆದ ಪ್ರಸಂಗಗಳು ಸರ್ವರ್ ಕೊಠಡಿಗಳಲ್ಲಿ ಅಪರೂಪವಲ್ಲ.

ಗೂಢಲಿಪೀಕರಣವಿದ್ದರೆ ಮಾತೇ ಬೇರೆ. ಲಿನಕ್ಸ್‌ನಲ್ಲಿ ಇದಕ್ಕೆ ‘ಲಕ್ಸ್’ ಎಂಬ ವ್ಯವಸ್ಥೆ ಬಳಕೆಯಲ್ಲಿದೆ. ದತ್ತಾಂಶವನ್ನು ಬಿಡಿಸುವ ನಿಜವಾದ ಕೀಲಿ ಇರುವುದು ಅದರ ಶಿರೋಭಾಗದಲ್ಲಿ. ಬಳಕೆದಾರರ ಗುಪ್ತಪದ ಆ ಕೀಲಿಯನ್ನು ತೆರೆಯುವ ಸಾಧನ ಮಾತ್ರ. ಆ ಕೀಲಿಯ ಭಾಗ ಹಾಳಾದರೆ ಗುಪ್ತಪದ ಬಾಯಿಪಾಠವಿದ್ದರೂ ಉಪಯೋಗವಿಲ್ಲ. ಎಲ್‌ವಿಎಂ ನಕ್ಷೆ ಹೋದರೆ ತಜ್ಞರು ಗುದ್ದಾಡಿ ಏನನ್ನಾದರೂ ಹುಡುಕಿ ತೆಗೆದಾರು. ಲಕ್ಸ್ ಶಿರೋಭಾಗ ಹೋದರೆ ಯಾರಿಂದಲೂ ಆಗದು. ‘ಕ್ರಿಪ್ಟ್‌ಸೆಟಪ್’ ತಂತ್ರಾಂಶದ ‘ಲಕ್ಸ್‌ಹೆಡರ್‌ಬ್ಯಾಕಪ್’ ಆದೇಶದಿಂದ ಅದರ ಪ್ರತಿ ತೆಗೆಯಬಹುದು. ಎರಡನೆಯ ಆವೃತ್ತಿಯ ಲಕ್ಸ್‌ನಲ್ಲಿ ಅದರ ಗಾತ್ರ ಸಾಮಾನ್ಯವಾಗಿ 16 ಮೆಗಾಬೈಟ್. ಆದರೆ ಈ ಪ್ರತಿ ಬೀದಿಪಾಲಾಗದಂತೆ ಎಚ್ಚರ ಬೇಕು. ಮುಂದೆ ಗುಪ್ತಪದವನ್ನು ಬದಲಿಸಿದರೂ, ಹಳೆಯ ಪ್ರತಿಯನ್ನು ಹಳೆಯ ಗುಪ್ತಪದ ತೆರೆಯುತ್ತಲೇ ಇರುತ್ತದೆ.

ಮರುಸ್ಥಾಪನೆ: ಮೊದಲು ಕೈ ಕಟ್ಟಿ ಕೂರುವುದು

ವಾಲ್ಯೂಮ್ ಕಾಣೆಯಾದಾಗ ಆಗುವ ಹೆಚ್ಚಿನ ಹಾನಿ ಮೊದಲ ಅವಘಡದಿಂದಲ್ಲ, ಅನಂತರದ ಅವಸರದಿಂದ. ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು ಎರಡು.

ಒಂದನೆಯದು, ಅದೇ ಹೆಸರಿನಲ್ಲಿ ಅದೇ ಅಳತೆಯ ಹೊಸ ವಾಲ್ಯೂಮ್ ರಚಿಸಿದರೆ ಹಳೆಯ ದತ್ತಾಂಶ ಮರಳಿ ಕಾಣಿಸೀತೆಂಬ ಎಣಿಕೆ. ‘ಎಲ್‌ವಿಕ್ರಿಯೇಟ್’ ಆದೇಶವು ಹೊಸ ವಾಲ್ಯೂಮಿನ ಮೊದಲ 4 ಕಿಲೋಬೈಟನ್ನು ಸೊನ್ನೆಗಳಿಂದ ತುಂಬಿಸುತ್ತದೆ. ಅಲ್ಲಿ ಹಳೆಯ ಕಡತವ್ಯವಸ್ಥೆಯ ಗುರುತುಗಳಿದ್ದರೆ ಅವನ್ನೂ ಒರೆಸಲು ಮುಂದಾಗುತ್ತದೆ. ಇಎಕ್ಸ್‌ಟಿ-4 ಕಡತವ್ಯವಸ್ಥೆಯ ಸೂಪರ್‌ಬ್ಲಾಕ್ ಇರುವುದು ಆರಂಭದಿಂದ 1,024 ಬೈಟ್ ದೂರದಲ್ಲಿ, ಅಂದರೆ ಸರಿಯಾಗಿ ಆ ಜಾಗದೊಳಗೆ. ಮೇಲಾಗಿ ಹೊಸ ವಾಲ್ಯೂಮ್ ಹಳೆಯದರ ಎಕ್ಸ್‌ಟೆಂಟುಗಳ ಮೇಲೆಯೇ ಬಂದು ಕೂರುತ್ತದೆಂಬ ಖಾತರಿಯೂ ಇಲ್ಲ.

ಎರಡನೆಯದು ಇನ್ನೂ ಘೋರ. ನಕ್ಷೆ ಸರಿಪಡಿಸುವ ಮುನ್ನವೇ ‘ಎಫ್‌ಎಸ್‌ಸಿಕೆ’ ಎಂಬ ದುರಸ್ತಿ ಆದೇಶವನ್ನು ಓಡಿಸುವುದು. ಉದಾಹರಣೆಗೆ 200 ಗಿಗಾಬೈಟ್ ವಾಲ್ಯೂಮನ್ನು ಯಾರೋ ತಪ್ಪಾಗಿ 100ಕ್ಕೆ ಕುಗ್ಗಿಸಿದ್ದಾರೆ ಎನ್ನೋಣ. ಒಳಗಿನ ಕಡತವ್ಯವಸ್ಥೆಗೆ ಆ ಸುದ್ದಿಯೇ ತಿಳಿದಿಲ್ಲ. ದುರಸ್ತಿ ತಂತ್ರಾಂಶ ಅರ್ಧಕ್ಕೆ ಕಡಿದ ಆ ವಾಲ್ಯೂಮನ್ನೇ ನಿಜವೆಂದು ನಂಬಿ, ಉಳಿದರ್ಧದತ್ತ ಬೆರಳು ತೋರುವ ನಮೂದುಗಳನ್ನೆಲ್ಲ ದೋಷವೆಂದು ಕತ್ತರಿಸುತ್ತ ಹೋಗಬಹುದು. ಮೊದಲು ಹಳೆಯ ನಕ್ಷೆಯನ್ನು ಮರಳಿ ಹಾಕಿದ್ದರೆ ಒಂದು ಕಡತಕ್ಕೂ ಧಕ್ಕೆಯಾಗುತ್ತಿರಲಿಲ್ಲ.

ಆದುದರಿಂದ ಯಾವ ಆದೇಶಕ್ಕೂ ಮುನ್ನ ಡಿಸ್ಕಿಗೆ ಬರೆಯುವ ಸಕಲ ಕೆಲಸ ನಿಲ್ಲಬೇಕು. ಇನ್ನೊಂದು ಡಿಸ್ಕ್ ಕೈಯಲ್ಲಿದ್ದರೆ ಇಡೀ ಡಿಸ್ಕಿನ ಯಥಾನಕಲು ಮಾಡಿಕೊಳ್ಳುವುದು ಉತ್ತಮ. ಅದಕ್ಕೆ ಅವಕಾಶವಿಲ್ಲದಿದ್ದರೆ ಮೊದಲ ಕೆಲವು ಮೆಗಾಬೈಟುಗಳನ್ನಾದರೂ ನಕಲಿಸಿಕೊಳ್ಳಬೇಕು.

ಮೂರು ಸಂದರ್ಭಗಳು

ವಾಲ್ಯೂಮನ್ನು ತಪ್ಪಾಗಿ ಅಳಿಸಿದ ಅಥವಾ ಕುಗ್ಗಿಸಿದ ಸಂದರ್ಭ ಎಲ್ಲಕ್ಕಿಂತ ಸುಲಭದ್ದು. ‘ವಿಜಿಸಿಎಫ್‌ಜಿರಿಸ್ಟೋರ್’ ಆದೇಶಕ್ಕೆ ‘ಲಿಸ್ಟ್’ ಎಂಬ ಸೂಚಕವನ್ನು ಸೇರಿಸಿದರೆ ಆರ್ಕೈವ್‌ನಲ್ಲಿರುವ ಆವೃತ್ತಿಗಳೆಲ್ಲ ವೇಳೆಯೊಂದಿಗೆ, ಆದೇಶದ ವಿವರದೊಂದಿಗೆ ತೆರೆಯ ಮೇಲೆ ಬರುತ್ತವೆ. ತಪ್ಪು ನಡೆದ ಕ್ಷಣಕ್ಕೆ ಮುಂಚಿನದನ್ನು ಆರಿಸಿ, ಗುಂಪಿನ ವಾಲ್ಯೂಮುಗಳನ್ನು ನಿಷ್ಕ್ರಿಯಗೊಳಿಸಬೇಕು. ‘ಟೆಸ್ಟ್’ ಸೂಚಕದೊಂದಿಗೆ ಒಮ್ಮೆ ತಾಲೀಮು ನಡೆಸಿದ ಮೇಲಷ್ಟೇ ನಿಜವಾಗಿ ಮರುಸ್ಥಾಪಿಸಬೇಕು. ವಾಲ್ಯೂಮ್ ಅಳಿಸಿದಾಗ ಎಲ್‌ವಿಎಂ ನಕ್ಷೆಯಿಂದ ಹೆಸರನ್ನು ತೆಗೆಯುತ್ತದೆಯೇ ಹೊರತು ದತ್ತಾಂಶವನ್ನು ಒರೆಸುವುದಿಲ್ಲವಾದ್ದರಿಂದ ಇದು ಫಲಿಸುತ್ತದೆ.

ಇದಕ್ಕೊಂದು ಅಪವಾದವಿದೆ. ಎಲ್‌ವಿಎಂನ ನಿಯಮಗಳ ಕಡತದಲ್ಲಿ ‘ಇಶ್ಯೂ ಡಿಸ್ಕಾರ್ಡ್ಸ್’ ಎಂಬ ಸಾಲಿದೆ. ಅದು ಮೂಲತಃ ಸೊನ್ನೆ. ಘನಸ್ಥಿತಿ ಡಿಸ್ಕುಗಳ ವೇಗ ಕಾಯ್ದುಕೊಳ್ಳಲೆಂದು ಕೆಲವರು ಅದನ್ನು 1 ಮಾಡುವುದುಂಟು. ಆಗ ವಾಲ್ಯೂಮ್ ಅಳಿಸಿದೊಡನೆ ಆ ಜಾಗ ಬೇಡವಾಯಿತೆಂದು ಡಿಸ್ಕಿಗೇ ತಿಳಿಸಲಾಗುತ್ತದೆ. ಅನಂತರ ನಕ್ಷೆ ಮರಳಿದರೂ ಅದು ತೋರಿಸುವ ಜಾಗದಲ್ಲಿ ಏನೂ ಉಳಿದಿರುವುದಿಲ್ಲ.

ಎರಡನೆಯ ಸಂದರ್ಭ, ಮೇಲೆ ಹೇಳಿದ ವಿಂಡೋಸ್ ಪ್ರಸಂಗದಂಥದ್ದು. ಡಿಸ್ಕ್ ಚೆನ್ನಾಗಿದೆ, ಗುರುತುಚೀಟಿ ಹೋಗಿದೆ. ಇಲ್ಲಿ ಕ್ರಮ ಮುಖ್ಯ. ಬ್ಯಾಕಪ್ ಪಠ್ಯವನ್ನು ತೆರೆದು ಆ ಡಿಸ್ಕಿನ ಹಳೆಯ ವಿಶಿಷ್ಟ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು. ಹೊಸದಾಗಿ ಬಂದು ಕೂತ ವಿಭಾಗಪಟ್ಟಿಯನ್ನು ತೆರವು ಮಾಡಬೇಕು. ‘ವೈಪ್‌ಎಫ್‌ಎಸ್’ ಆದೇಶಕ್ಕೆ ‘ಬ್ಯಾಕಪ್’ ಸೂಚಕ ಕೊಟ್ಟರೆ ಅಳಿಸುವ ಮೊದಲು ಆ ಗುರುತುಗಳ ಪ್ರತಿಯನ್ನೂ ಉಳಿಸಿಕೊಡುತ್ತದೆ. ಬಳಿಕ ‘ಪಿವಿಕ್ರಿಯೇಟ್’ ಆದೇಶಕ್ಕೆ ಹಳೆಯ ಸಂಖ್ಯೆಯನ್ನೂ ‘ರಿಸ್ಟೋರ್‌ಫೈಲ್’ ಸೂಚಕದ ಮೂಲಕ ಬ್ಯಾಕಪ್ ಕಡತವನ್ನೂ ಒಟ್ಟಿಗೆ ನೀಡಬೇಕು. ಕಡತವನ್ನು ಕೊಡುವುದು ಏಕೆಂದರೆ, ದತ್ತಾಂಶ ಎಲ್ಲಿಂದ ಶುರುವಾಗುತ್ತಿತ್ತೆಂಬುದನ್ನು ಅದರಿಂದ ತಿಳಿದು, ಅದರ ಮೇಲೆ ಏನೂ ಬರೆಯದಂತೆ ಆದೇಶ ಎಚ್ಚರ ವಹಿಸುತ್ತದೆ. ಇಷ್ಟಾದ ಮೇಲೆ ವಿಜಿಸಿಎಫ್‌ಜಿರಿಸ್ಟೋರ್, ಅನಂತರ ‘ವಿಜಿಚೇಂಜ್’ ಮೂಲಕ ಗುಂಪಿಗೆ ಚಾಲನೆ. ಕಡತವ್ಯವಸ್ಥೆಯನ್ನು ಮೊದಲು ಏನೂ ಬರೆಯದ ರೀತಿಯಲ್ಲಿ ಪರೀಕ್ಷಿಸಿ, ಓದಲು ಮಾತ್ರವೆಂದು ತೆರೆದು, ನಾಲ್ಕಾರು ಕಡತಗಳನ್ನು ನೋಡಿ ಖಚಿತಪಡಿಸಿಕೊಳ್ಳಬೇಕು.

ಮೂರನೆಯ ಸಂದರ್ಭದಲ್ಲಿಯೇ ಭ್ರಮೆಗೆ ಹೆಚ್ಚು ಆಸ್ಪದ. ಗುಂಪಿನ ಡಿಸ್ಕೊಂದು ನಿಜವಾಗಿಯೂ ಸತ್ತಿದೆ. ಹೊಸ ಡಿಸ್ಕ್ ತಂದು, ಅದಕ್ಕೆ ಹಳೆಯದರ ಸಂಖ್ಯೆಯನ್ನೇ ಕೊಟ್ಟು ಮರುಸ್ಥಾಪಿಸಿದರೆ ಎಲ್‌ವಿಎಂ ಯಾವ ತಕರಾರೂ ತೆಗೆಯುವುದಿಲ್ಲ. ಮರುಸ್ಥಾಪನೆ ಯಶಸ್ವಿ ಎಂಬ ಸಾಲು ಕಾಣುತ್ತದೆ. ವಾಲ್ಯೂಮುಗಳೆಲ್ಲ ಹಳೆಯ ಹೆಸರು, ಹಳೆಯ ಅಳತೆಗಳೊಡನೆ ಸಾಲಾಗಿ ನಿಲ್ಲುತ್ತವೆ. ಆದರೆ ಹೊಸ ಡಿಸ್ಕಿನ ಪಾಲಿಗೆ ಬಂದ ಎಕ್ಸ್‌ಟೆಂಟುಗಳಲ್ಲಿ ಇರುವುದು ಬರೀ ಶೂನ್ಯ. ಪ್ರತಿಬಿಂಬ ಅಥವಾ ರೈಡ್ ರೂಪದ ವಾಲ್ಯೂಮ್ ಆಗಿದ್ದಲ್ಲಿ ಇನ್ನೊಂದು ಪ್ರತಿಯಿಂದ ಅದನ್ನು ತುಂಬಿಸಿಕೊಳ್ಳಲು ಬೇರೆ ವಿಧಾನಗಳಿವೆ. ಇಲ್ಲವಾದಲ್ಲಿ ದತ್ತಾಂಶದ ಬ್ಯಾಕಪ್‌ನಿಂದ ಮರುತುಂಬುವುದೊಂದೇ ದಾರಿ. ನಕ್ಷೆಯ ಬ್ಯಾಕಪ್ ದತ್ತಾಂಶದ ಬ್ಯಾಕಪ್‌ಗೆ ಬದಲಿಯಲ್ಲ. ಪಹಣಿ ತಿದ್ದಿಸಿದ ಮಾತ್ರಕ್ಕೆ ಹೊಳೆ ಕೊಚ್ಚಿಕೊಂಡು ಹೋದ ಹೊಲ ಮರಳುವುದಿಲ್ಲ.

‘ಥಿನ್’ ಎಂಬ ಬಗೆಯ ವಾಲ್ಯೂಮುಗಳಿದ್ದರೆ ಇನ್ನೂ ಜಾಗ್ರತೆ ಬೇಕು. ಅಲ್ಲಿ ಯಾವ ತುಣುಕು ಯಾರದೆಂಬ ಲೆಕ್ಕ ಬೇರೊಂದು ಒಳವಾಲ್ಯೂಮಿನಲ್ಲಿರುತ್ತದೆ. ಎಲ್‌ವಿಎಂನ ಪಠ್ಯಕ್ಕೆ ಆ ಲೆಕ್ಕ ಗೊತ್ತಿಲ್ಲ. ಹಳೆಯ ಪಠ್ಯವನ್ನು ಹಾಕಿದರೆ ಎರಡಕ್ಕೂ ತಾಳೆಯಾಗದೆ ಹೋಗಬಹುದೆಂಬ ಕಾರಣಕ್ಕೆ, ‘ಫೋರ್ಸ್’ ಎಂದು ಒತ್ತಾಯಿಸದೆ ಇಂಥ ಗುಂಪನ್ನು ಮರುಸ್ಥಾಪಿಸಲು ಆದೇಶ ಒಪ್ಪುವುದೇ ಇಲ್ಲ. ಆ ಒತ್ತಾಯದ ಮುನ್ನ ತಿಳಿದವರನ್ನು ಕೇಳುವುದು ಲೇಸು.

ಇತ್ತೀಚಿನ ಎರಡು ತೊಡಕುಗಳು

ಡಿಸ್ಕ್ ಸರಿಯಾಗಿದ್ದರೂ, ನಕ್ಷೆ ಸರಿಯಾಗಿದ್ದರೂ ಗುಂಪು ಕಾಣದಿರುವ ಹೊಸ ಸನ್ನಿವೇಶವೊಂದಿದೆ. 2022ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಿಂದ ಎಲ್‌ವಿಎಂ ತನ್ನ ‘ಡಿವೈಸಸ್’ ಕಡತದಲ್ಲಿ ಹೆಸರಿರುವ ಡಿಸ್ಕುಗಳನ್ನು ಮಾತ್ರ ಪರಿಗಣಿಸುತ್ತದೆ. ಬೇರೆ ಸರ್ವರ್‌ನಿಂದ ತಂದ ಡಿಸ್ಕ್ ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ಅದು ಇಲ್ಲವೇ ಇಲ್ಲ ಎಂಬಂತೆ ವರ್ತಿಸುತ್ತದೆ. ಇದನ್ನು ಹಾನಿಯೆಂದು ತಿಳಿದು ಮರುಸ್ಥಾಪನೆಗೆ ಇಳಿದರೆ ಇಲ್ಲದ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿದಂತೆ. ‘ಎಲ್‌ವಿಎಂಡಿವೈಸಸ್’ ಆದೇಶದಿಂದ ಹೆಸರು ಸೇರಿಸಿದರೆ ಸಾಕು.

ಇನ್ನೊಂದು ತೊಡಕು ಕ್ಲೌಡ್ ಸರ್ವರ್‌ಗಳದು. ಅಲ್ಲಿ ಡಿಸ್ಕಿನ ತದ್ರೂಪು ತೆಗೆದರೆ ನಕ್ಷೆಯೂ ಅದರೊಳಗೇ ಬರುತ್ತದೆ ಎಂಬುದು ನಿಜ. ಆದರೆ ಗುಂಪು ನಾಲ್ಕು ಡಿಸ್ಕುಗಳಲ್ಲಿ ಹರಡಿದ್ದರೆ ನಾಲ್ಕರದನ್ನೂ ಒಂದೇ ಕ್ಷಣದಲ್ಲಿ ತೆಗೆದಿರಬೇಕು. ಅಲ್ಲದೆ ತದ್ರೂಪನ್ನು ಮೂಲ ಸರ್ವರ್‌ಗೇ ಜೋಡಿಸಿದರೆ ಒಂದೇ ವಿಶಿಷ್ಟ ಸಂಖ್ಯೆಯ ಎರಡು ಡಿಸ್ಕುಗಳು ಎದುರಾಗಿ ಎಲ್‌ವಿಎಂ ಗೊಂದಲಕ್ಕೀಡಾಗುತ್ತದೆ. ತದ್ರೂಪಿಗೆ ಹೊಸ ಹೆಸರು, ಹೊಸ ಸಂಖ್ಯೆ ಕೊಡಲು ‘ವಿಜಿಇಂಪೋರ್ಟ್‌ಕ್ಲೋನ್’ ಇದೆ.

ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ರೂಪುಗೊಂಡ ‘ಜೆಡ್‌ಎಫ್‌ಎಸ್’ ಈ ವಿಷಯದಲ್ಲಿ ಬೇರೆ ಹಾದಿ ಹಿಡಿದಿದೆ. ಪ್ರತಿ ಡಿಸ್ಕಿನಲ್ಲೂ ನಾಲ್ಕು ಗುರುತುಚೀಟಿಗಳು, ಎರಡು ಮುಂದೆ, ಎರಡು ತುದಿಯಲ್ಲಿ. ಒಂದು ತುದಿ ಅಳಿದರೂ ಇನ್ನೊಂದು ಉಳಿಯಲೆಂಬ ಮುನ್ನೆಚ್ಚರಿಕೆಯಿದು. ಅಲ್ಲಿ ಪ್ರತ್ಯೇಕ ನಕ್ಷೆಯ ಬ್ಯಾಕಪ್‌ಗಿಂತ ‘ಇಂಪೋರ್ಟ್’ ಆದೇಶವೇ ಹೆಚ್ಚಿನ ಕೆಲಸ ಮಾಡುತ್ತದೆ.

ಪರೀಕ್ಷಿಸದ ಬ್ಯಾಕಪ್

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದ ಘಟನೆಯನ್ನು ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಇಂಜಿನಿಯರ್ ಒಬ್ಬರು ಉಪಸರ್ವರ್ ಎಂದು ಭಾವಿಸಿ ಮುಖ್ಯ ಸರ್ವರ್‌ನಲ್ಲಿಯೇ ಅಳಿಸುವ ಆದೇಶ ನೀಡಿದರು. ತಪ್ಪು ಅರಿವಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ದತ್ತಸಂಚಯ ಮಾಯವಾಗಿತ್ತು. ನಿತ್ಯದ ಬ್ಯಾಕಪ್ ಇರಬೇಕಾದ ಜಾಗ ತೆರೆದು ನೋಡಿದರೆ ಖಾಲಿ. ಬ್ಯಾಕಪ್ ತಂತ್ರಾಂಶದ ಆವೃತ್ತಿ ದತ್ತಸಂಚಯದ ಆವೃತ್ತಿಗೆ ಹೊಂದದೆ ಪ್ರತಿದಿನವೂ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳು ತಲುಪಬೇಕಾದವರಿಗೆ ತಲುಪುತ್ತಿರಲಿಲ್ಲ.

ಕೊನೆಗೆ ಕೈಹಿಡಿದದ್ದು ಎಲ್‌ವಿಎಂ ಸ್ನ್ಯಾಪ್‌ಶಾಟ್ ಒಂದರ ಪ್ರತಿ. ಸುಮಾರು ಆರು ಗಂಟೆಗಳ ಮುಂಚೆ, ಬೇರಾವುದೋ ಪರೀಕ್ಷೆಗೆಂದು ಅದನ್ನು ಕೈಯಿಂದ ತೆಗೆದು ಇನ್ನೊಂದು ಸರ್ವರ್‌ಗೆ ಸಾಗಿಸಲಾಗಿತ್ತು. ಆ ಸರ್ವರ್‌ನ ಡಿಸ್ಕುಗಳು ನಿಧಾನವಾಗಿದ್ದುದರಿಂದ ಮರಳಿ ನಕಲಿಸಲು ಬಹಳ ಹೊತ್ತು ಹಿಡಿಯಿತು. ಸೇವೆ ಸುಮಾರು 18 ಗಂಟೆ ನಿಂತಿತ್ತು. ನಡುವಿನ ಆರು ಗಂಟೆಗಳ ದತ್ತಾಂಶ ಮರಳಲಿಲ್ಲ. ಸ್ನ್ಯಾಪ್‌ಶಾಟ್ ತಾನು ಹುಟ್ಟಿದ ಗುಂಪಿನಲ್ಲಷ್ಟೇ ಉಳಿಯದೆ ಬೇರೊಂದು ಯಂತ್ರ ಸೇರಿತ್ತು ಎಂಬುದು ಇಲ್ಲಿ ಗಮನಾರ್ಹ.

ವಾಲ್ಯೂಮ್ ನಕ್ಷೆಯ ಮರುಸ್ಥಾಪನೆಯನ್ನು ಅಭ್ಯಾಸ ಮಾಡಲು ನಿಜವಾದ ಡಿಸ್ಕ್ ಬೇಕಿಲ್ಲ. ಯಾವುದೇ ಲಿನಕ್ಸ್ ಯಂತ್ರದಲ್ಲಿ ಒಂದೊಂದು ಗಿಗಾಬೈಟಿನ ಎರಡು ಖಾಲಿ ಕಡತಗಳನ್ನು ಸೃಷ್ಟಿಸಿ, ‘ಲೋಸೆಟಪ್’ ಆದೇಶದಿಂದ ಅವನ್ನು ಡಿಸ್ಕುಗಳಂತೆ ತೋರಿಸಬಹುದು. ಅವುಗಳ ಮೇಲೊಂದು ಗುಂಪು, ಗುಂಪಿನಲ್ಲೊಂದು ವಾಲ್ಯೂಮ್, ವಾಲ್ಯೂಮಿನಲ್ಲಿ ಒಂದಿಷ್ಟು ಚಿತ್ರಗಳು. ನಕ್ಷೆಯ ಪ್ರತಿಯನ್ನು ಹೊರಗೆ ಸಾಗಿಸಿ, ಗುಂಪನ್ನು ನಿಷ್ಕ್ರಿಯಗೊಳಿಸಿ, ಎರಡೂ ಕಡತಗಳ ಮೊದಲ 17 ಕಿಲೋಬೈಟನ್ನು ಸೊನ್ನೆಯಿಂದ ತುಂಬಿಸಿದರೆ ಅಪಘಾತ ಸಿದ್ಧ. ಇಟಿಸಿಯೊಳಗಿನ ಬ್ಯಾಕಪ್ ಮತ್ತು ಆರ್ಕೈವ್ ಕೋಶಗಳಲ್ಲಿ ಆ ಅಭ್ಯಾಸದ ಗುಂಪಿಗೆ ಸೇರಿದ ಕಡತಗಳನ್ನು ಪಕ್ಕಕ್ಕೆ ಸರಿಸಿ, ಹೊರಗೆ ಇಟ್ಟ ಪ್ರತಿಯೊಂದರಿಂದಲೇ ಚಿತ್ರಗಳು ಮರಳಿ ತೆರೆಯುವಂತೆ ಮಾಡಬೇಕು. ಮೊದಲ ಸಲ ಅರ್ಧ ದಿನ ಹಿಡಿಯಬಹುದು. ಬಳಸಿದ ಆದೇಶಗಳನ್ನು ಕ್ರಮವಾಗಿ ಒಂದು ಹಾಳೆಯಲ್ಲಿ ಬರೆದು, ನಕ್ಷೆಯ ಮುದ್ರಿತ ಪ್ರತಿಯೊಡನೆ ಪಿನ್ ಮಾಡಿ ಇಟ್ಟರೆ ಎರಡನೆಯ ಸಲಕ್ಕೆ ಕಾಲು ಗಂಟೆ ಸಾಕಾಗುತ್ತದೆ.